ಗಾಳಿಗೊಂದು ಗೋಡೆ

*ಟೈರು, ಥರ್ಮಾಕೋಲು, ಬಸ್ಸಿನ ಬ್ರೇಕು, ತಂಬೂರಿಯ ಬುರುಡೆ: ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ವಸ್ತುಗಳ ಒಳಗೆ ದುಡಿಯುತ್ತಿರುವುದು ಒಂದೇ, ಕೂಡಿಹಾಕಿದ ಗಾಳಿ.*

ಮನೆ ಮುಂದೆ ನಿಂತಿರುವ ಕಾರಿನ ಭಾರವನ್ನು ಹೊತ್ತಿರುವುದು ಯಾವುದು? ಚಕ್ರ ಎಂದು ಯಾರಾದರೂ ಹೇಳಿಯಾರು. ಚಕ್ರದಲ್ಲಿ ಉಕ್ಕಿನ ರಿಮ್ ಇದೆ, ರಿಮ್ಮಿನ ಸುತ್ತ ರಬ್ಬರಿನ ಟೈರು ಇದೆ. ಆದರೆ ಗಾಳಿ ಇಳಿದ ದಿನ ರಿಮ್ಮೂ ಟೈರೂ ಇದ್ದಲ್ಲೇ ಇದ್ದರೂ ಕಾರು ಒಂದು ಮಗ್ಗುಲಿಗೆ ಕುಸಿದು ನಿಲ್ಲುತ್ತದೆ. ಅಲ್ಲಿಯವರೆಗೆ ಭಾರ ಹೊತ್ತಿದ್ದದ್ದು ಗಾಳಿ.

ಲೆಕ್ಕ ಹಾಕಿಯೇ ನೋಡಬಹುದು. ಜನ ಕೂತ ಸಣ್ಣ ಕಾರೊಂದು 1,200 ಕಿಲೋ ತೂಗುತ್ತದೆ ಎಂದುಕೊಂಡರೆ ಒಂದೊಂದು ಚಕ್ರದ ಪಾಲಿಗೆ 300 ಕಿಲೋ. ಪೆಟ್ರೋಲ್ ಬಂಕಿನಲ್ಲಿ 'ಮೂವತ್ಮೂರು ಹಾಕಿ' ಎನ್ನುತ್ತೇವಲ್ಲ, ಆ 33 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ ಒತ್ತಡ. 300ನ್ನು 2.3ರಿಂದ ಭಾಗಿಸಿದರೆ 130 ಚದರ ಸೆಂಟಿಮೀಟರ್ ಬರುತ್ತದೆ. ಟೈರು ನೆಲಕ್ಕೆ ತಾಗುವ ಜಾಗ ಹೆಚ್ಚುಕಡಿಮೆ ಇಷ್ಟೇ, ಬೆರಳು ಸೇರಿದ ಒಂದು ಹಸ್ತದಗಲ. ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡುವ ಕಾರು ರಸ್ತೆಯನ್ನು ಮುಟ್ಟಿರುವುದು ನಾಲ್ಕು ಹಸ್ತಗಳಷ್ಟು ಜಾಗದಲ್ಲಿ ಮಾತ್ರ.

ಬಯಲಿನ ಗಾಳಿಗೆ ಈ ತಾಕತ್ತಿಲ್ಲ. ಒಂದು ಘನಮೀಟರ್ ಗಾಳಿ ತೂಗುವುದು ಸುಮಾರು 1.2 ಕಿಲೋ. ಕೈ ಬೀಸಿದರೆ ಸರಿದು ದಾರಿ ಬಿಡುತ್ತದೆ, ಬಿಸಿ ತಾಗಿದರೆ ಮೇಲೇರಿ ಹೋಗುತ್ತದೆ. ಅದನ್ನು ಒಂದು ಕೋಣೆಯೊಳಗೆ ಹಾಕಿ ಮುಚ್ಚಿದರೆ ಸ್ವಭಾವವೇ ಬೇರೆ. ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡಾಡುವ ಅದರ ಅಣುಗಳು ಓಡಲು ಜಾಗ ಸಾಲದೆ ಗೋಡೆಗೆ ಬಡಿಯುತ್ತಲೇ ಇರುತ್ತವೆ. ಜಾಗ ಕಿರಿದಾದಷ್ಟೂ ಬಡಿತ ಹೆಚ್ಚು. ಒತ್ತಿದರೆ ಗಾಳಿ ವಾಪಸು ತಳ್ಳುವುದು ಹೀಗೆ. ಇದರ ಜತೆಗೆ ಕೂಡಿಹಾಕಿದ ಗಾಳಿ ಬಿಸಿಯನ್ನು ಸುಲಭವಾಗಿ ದಾಟಿಸುವುದಿಲ್ಲ, ನೀರಿನಲ್ಲಿ ಮುಳುಗಗೊಡುವುದಿಲ್ಲ, ತಟ್ಟಿದರೆ ದನಿಗೂಡಿಸುತ್ತದೆ. ಗಾಳಿ ಎಲ್ಲೆಡೆ ಒಂದೇ, ಬಿಟ್ಟಿಯಾಗಿ ಸಿಗುವಂಥದ್ದು. ಜಾಣತನವೆಲ್ಲ ಇರುವುದು ಅದಕ್ಕೆ ಕಟ್ಟುವ ಕೋಣೆಯಲ್ಲಿ. ಆ ಕೋಣೆಯ ಗೋಡೆ, ಅಡ್ಡಗೋಡೆ, ಬಾಗಿಲು, ಕಿಟಕಿಗಳನ್ನು ಒಂದೊಂದಾಗಿ ನೋಡಿದರೆ ದಿನಬಳಕೆಯ ಅರ್ಧ ತಂತ್ರಜ್ಞಾನ ಅರ್ಥವಾದಂತೆ.

ಗೋಡೆ: ಸೋರದಂತೆ ಹಿಡಿಯುವ ಕೆಲಸ

ಗಾಳಿ ತುಂಬಿದ ಚಕ್ರ ಹುಟ್ಟಿದ್ದು ಎರಡು ಸಲ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಅದಕ್ಕೆ ಪೇಟೆಂಟ್ ಪಡೆದಾಗ ಅವನಿಗೆ 23 ವರ್ಷ. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೊಂದು ಚರ್ಮದ ಹೊದಿಕೆ. ಅದನ್ನು ಕುದುರೆಗಾಡಿಯ ಚಕ್ರಕ್ಕೆ ಸುತ್ತಿ ಓಡಿಸಿಯೂ ತೋರಿಸಿದ. ಆದರೆ ಆಗ ಸೈಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ. ತೆಳು ರಬ್ಬರು ದುಬಾರಿ. ಕಬ್ಬಿಣದ ಪಟ್ಟಿ ಹಾಕಿದ ಮರದ ಚಕ್ರವೇ ಸಾಕು ಎಂದು ಜನ ಸುಮ್ಮನಾದರು.

ನಾಲ್ಕು ದಶಕಗಳ ನಂತರ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಕಟ್ಟಿದ. ಥಾಮ್ಸನ್ ಹೆಸರೂ ಅವನಿಗೆ ಗೊತ್ತಿರಲಿಲ್ಲ. 1888ರಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷ ಬೆಲ್‌ಫಾಸ್ಟ್‌ನ ಸೈಕಲ್ ಪಂದ್ಯದಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ಉಬ್ಬಿದ ಚಕ್ರಗಳ ಮೇಲೆ ಬಂದಿಳಿದು ಗೆದ್ದ. ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್‌ನ ಹಕ್ಕು ರದ್ದಾದರೂ ಅಷ್ಟರಲ್ಲಿ ಉದ್ಯಮ ನೆಲೆಯೂರಿತ್ತು. ಸೈಕಲ್ ಶಾಪುಗಳಲ್ಲಿ ಇಂದಿಗೂ ಹಳೇ ಮಾದರಿಯ ವಾಲ್ವಿಗೆ ಅವನದೇ ಹೆಸರು.

ನಮ್ಮ ದೇಶದಲ್ಲೂ ಇದಕ್ಕೊಂದು ಸ್ವಾರಸ್ಯದ ಕಥೆ ಇದೆ. ಈಗ ಟೈರಿಗೆ ಹೆಸರಾದ ಎಂಆರ್‌ಎಫ್ 1946ರಲ್ಲಿ ಮದರಾಸಿನ ತಿರುವೊಟ್ಟಿಯೂರಿನಲ್ಲಿ ಕೆ. ಎಂ. ಮಾಮ್ಮನ್ ಮಾಪ್ಪಿಳ್ಳೈ ಆರಂಭಿಸಿದ ಆಟದ ಬಲೂನಿನ ಕಾರ್ಖಾನೆ. ಬಲೂನಿನಿಂದ ಟೈರಿನ ರೀಟ್ರೆಡ್ ರಬ್ಬರಿಗೆ, ಅಲ್ಲಿಂದ ಟೈರಿಗೆ ಬಂದ ಕಂಪನಿ ಅದು. ಎರಡೂ ಸರಕಿನ ಹಿಂದಿನ ಪ್ರಶ್ನೆ ಒಂದೇ: ಗಾಳಿಯನ್ನು ಸೋರದಂತೆ ಹಿಡಿದಿಡುವುದು ಹೇಗೆ?

ಆ ಪ್ರಶ್ನೆಗೆ ಪೂರ್ತಿ ಉತ್ತರ ಇವತ್ತಿಗೂ ಸಿಕ್ಕಿಲ್ಲ. ರಬ್ಬರು ನಮ್ಮ ಕಣ್ಣಿಗೆ ಗಟ್ಟಿ ಗೋಡೆ. ಅಣುಗಳ ಪಾಲಿಗೆ ಅದರಲ್ಲಿ ಸಂದಿಗಳಿವೆ. ಪಂಕ್ಚರ್ ಆಗದಿದ್ದರೂ, ವಾಲ್ವ್ ಸರಿಯಿದ್ದರೂ ಟೈರಿನ ಗಾಳಿ ತಾನಾಗಿ ಇಳಿಯುವುದು ಇದರಿಂದ. ಹಬ್ಬಕ್ಕೆ ಕಟ್ಟಿದ ಬಲೂನು ಎರಡು ದಿನಕ್ಕೆ ಮುದುಡುವುದೂ ಇದರಿಂದಲೇ. 1937ರಲ್ಲಿ ಅಮೆರಿಕದಲ್ಲಿ ಬ್ಯುಟೈಲ್ ಎಂಬ ಕೃತಕ ರಬ್ಬರು ತಯಾರಾದ ಮೇಲೆ ಸೋರಿಕೆ ಬಹಳ ಕಡಿಮೆಯಾಯಿತು. ಟ್ಯೂಬುಗಳೆಲ್ಲ ಅದಕ್ಕೆ ಬದಲಾದವು. ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಹಚ್ಚಿರುವ ತೆಳು ಪದರವೂ ಅದೇ ಜಾತಿಯ ರಬ್ಬರು. ಹಾಗಿದ್ದೂ ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುವುದು ಸಹಜ.

ಇಳಿದರೆ ಏನಾಗುತ್ತದೆ? ಮೆತ್ತಗಾದ ಟೈರು ಉರುಳುವಾಗ ಪ್ರತಿ ಸುತ್ತಿಗೂ ಅದರ ಮಗ್ಗುಲು ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ಬಾಗಿ ಬಾಗಿ ರಬ್ಬರು ಕಾಯುತ್ತದೆ. ನಿರಂತರ ವೇಗದಲ್ಲಿ ಓಡುವ ಎಕ್ಸ್‌ಪ್ರೆಸ್‌ವೇಗಳಲ್ಲಿ ಟೈರು ಸಿಡಿಯಲು ಗಾಳಿ ಹೆಚ್ಚಾದದ್ದಕ್ಕಿಂತ ಕಡಿಮೆಯಾದದ್ದು ಮುಖ್ಯ ಕಾರಣ ಎನ್ನುವುದು ಅನೇಕರಿಗೆ ಗೊತ್ತಿಲ್ಲ. ಬೇಸಿಗೆಯೆಂದು ಒಂದಷ್ಟು ಗಾಳಿ ಇಳಿಸಿ ಓಡಿಸುವ ಅಭ್ಯಾಸ ಅಪಾಯಕ್ಕೆ ದಾರಿ. ಟೈರಿನೊಳಗಿನ ಬಿಸಿ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಕಂಪನಿಯವರು ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಅಂಕಿ ಬರೆದಿರುತ್ತಾರೆ. ಆ ಅಂಕಿ ತಣ್ಣಗಿರುವ ಟೈರಿಗೆ ಹೇಳಿದ್ದು. ಆದ್ದರಿಂದ ಗಾಳಿ ನೋಡಿಸಬೇಕಾದದ್ದು ಪ್ರಯಾಣದ ನಡುವೆ ಅಲ್ಲ, ಹೊರಡುವ ಮೊದಲು. ಇನ್ನು ನೈಟ್ರೋಜನ್ ತುಂಬಿಸುವ ವಿಚಾರ: ಸಾಮಾನ್ಯ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಗಾಳಿ ನೋಡಿಸುವವರಿಗೆ ಅದರಿಂದ ಆಗುವ ಲಾಭ ಅಲ್ಪ.

ಅಡ್ಡಗೋಡೆ: ಒಂದರ ಬದಲು ಸಾವಿರ ಕೋಣೆ

ಬಿಸಿಯನ್ನು ಸಾಗಿಸುವುದರಲ್ಲಿ ಗಾಳಿ ಮಹಾ ಸೋಮಾರಿ. ನಿಶ್ಚಲವಾಗಿರುವ ಗಾಳಿಗಿಂತ ನೀರು 20ಕ್ಕೂ ಹೆಚ್ಚು ಪಟ್ಟು, ಗಾಜು ಸುಮಾರು 40 ಪಟ್ಟು, ತಾಮ್ರ 15 ಸಾವಿರ ಪಟ್ಟು ಚುರುಕಾಗಿ ಬಿಸಿಯನ್ನು ದಾಟಿಸುತ್ತವೆ. ಆದರೆ ಇಲ್ಲಿ ಒಂದು ಷರತ್ತಿದೆ, ಗಾಳಿ ನಿಶ್ಚಲವಾಗಿರಬೇಕು. ದೊಡ್ಡ ಕೋಣೆಯಲ್ಲಿ ಅದು ನಿಲ್ಲುವುದಿಲ್ಲ. ಬಿಸಿ ಗೋಡೆಯ ಪಕ್ಕದ ಗಾಳಿ ಹಗುರಾಗಿ ಏರುತ್ತದೆ, ತಣ್ಣನೆಯ ಗೋಡೆಯ ಪಕ್ಕದ್ದು ಇಳಿಯುತ್ತದೆ. ಈ ಸುತ್ತಾಟ ಶುರುವಾದರೆ ಬಿಸಿ ಗಾಳಿಯ ಹೆಗಲೇರಿ ಆಚೆಗೆ ದಾಟಿಬಿಡುತ್ತದೆ.

ಸುತ್ತಾಟ ತಪ್ಪಿಸಲು ಜಾಗ ಕಿರಿದು ಮಾಡಬೇಕು. ರೈಲಿನ ಎಸಿ ಬೋಗಿಯ ಕಿಟಕಿಗೆ ಎರಡು ಗಾಜು ಹಾಕಿ ನಡುವೆ ತೆಳು ಸಂದಿ ಬಿಟ್ಟು ಸುತ್ತಲೂ ಮುಚ್ಚಿರುವುದು ಅದಕ್ಕೇ. ಕಟ್ಟಡಗಳ ಜೋಡಿ ಗಾಜಿನ ಕಿಟಕಿಗಳಲ್ಲಿ ಈ ಸಂದಿ ಸಾಮಾನ್ಯವಾಗಿ 12ರಿಂದ 16 ಮಿಲಿಮೀಟರ್. ಸಂದಿ ಅಗಲವಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲ, ಇದಕ್ಕಿಂತ ಬಹಳ ಅಗಲವಾದರೆ ಒಳಗಿನ ಗಾಳಿ ತಿರುಗಲು ಶುರುಮಾಡುತ್ತದೆ. ಗಾಜುಗಳ ಅಂಚಿನ ಪಟ್ಟಿಯೊಳಗೆ ತೇವ ಹೀರುವ ಸಣ್ಣ ಹರಳುಗಳನ್ನು ತುಂಬಿರುತ್ತಾರೆ. ಅಂಚಿನ ಅಂಟು ಬಿಟ್ಟರೆ ಹೊರಗಿನ ತೇವ ಒಳನುಗ್ಗಿ ಗಾಜಿನ ನಡುವೆ ಮಂಜು ಕೂರುತ್ತದೆ. ಎಷ್ಟು ಒರೆಸಿದರೂ ಹೋಗದ ಆ ಮಸುಕು, ಗಾಳಿಯ ಕೋಣೆ ಒಡೆದಿದೆ ಎಂಬುದಕ್ಕೆ ಗುರುತು.

ಜಾಗವನ್ನು ಇನ್ನೂ ಕಿರಿದು ಮಾಡುತ್ತಾ ಹೋದರೆ ಸಿಗುವುದು ಥರ್ಮಾಕೋಲು. ಜರ್ಮನಿಯ ಬಿಎಎಸ್‌ಎಫ್ ಕಂಪನಿಯಲ್ಲಿ 1950ರ ಆಸುಪಾಸಿನಲ್ಲಿ ರೂಪುಗೊಂಡ ವಸ್ತುವಿದು. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಸಾಸಿವೆ ಗಾತ್ರದ ಕಾಳುಗಳೊಳಗೆ ಪೆಂಟೇನ್ ಎಂಬ ಸುಲಭವಾಗಿ ಆವಿಯಾಗುವ ದ್ರವ ಸೇರಿಸಿರುತ್ತಾರೆ. ಹಬೆ ತಾಗಿಸಿದರೆ ಪ್ಲಾಸ್ಟಿಕ್ ಮೆತ್ತಗಾಗಿ, ಪೆಂಟೇನ್ ಆವಿಯಾಗಿ, ಕಾಳು ನಲವತ್ತು ಪಟ್ಟಿನವರೆಗೆ ಉಬ್ಬುತ್ತದೆ. ಕ್ರಮೇಣ ಪೆಂಟೇನ್ ಹೊರಹೋಗಿ ಆ ಜಾಗಕ್ಕೆ ಗಾಳಿ ಬಂದು ಕೂರುತ್ತದೆ. ಉಬ್ಬಿದ ಕಾಳುಗಳನ್ನು ಅಚ್ಚಿನಲ್ಲಿ ಒತ್ತಿದರೆ ನಾವು ನೋಡುವ ಬಿಳಿ ಹಲಗೆ ಸಿದ್ಧ. ಅದರಲ್ಲಿ ಪ್ಲಾಸ್ಟಿಕ್ ಇರುವುದು ನೂರಕ್ಕೆ ಎರಡು ಭಾಗ, ಉಳಿದ 98 ಭಾಗ ಗಾಳಿ. ಮಲ್ಪೆ, ಮಂಗಳೂರಿನ ಬಂದರುಗಳಿಂದ ಮಂಜುಗಡ್ಡೆಯ ನಡುವೆ ಮೀನು ಘಟ್ಟ ಹತ್ತಿ ಕೆಡದೆ ಬರುವುದು ಈ ಗಾಳಿಯ ಡಬ್ಬದಲ್ಲಿ.

ಫ್ರಿಜ್ಜಿನ ಗೋಡೆಯೊಳಗೆ, ಆರೋಗ್ಯ ಕಾರ್ಯಕರ್ತೆಯರು ಹಳ್ಳಿಗೆ ಹೊತ್ತೊಯ್ಯುವ ಲಸಿಕೆ ಪೆಟ್ಟಿಗೆಯೊಳಗೆ, ಊಟದ ಹಾಟ್‌ಬಾಕ್ಸಿನೊಳಗೆ ತುಂಬಿರುವುದು ಪಾಲಿಯುರಿಥೇನ್ ಎಂಬ ನೊರೆ. ತತ್ವ ಅದೇ. ಆದರೆ ಫ್ರಿಜ್ಜಿನ ನೊರೆಯ ಕೋಣೆಗಳಲ್ಲಿ ಗಾಳಿಗಿಂತಲೂ ಸೋಮಾರಿಯಾದ ಅನಿಲಗಳನ್ನು ಸೆರೆಹಿಡಿದಿರುತ್ತಾರೆ. ಕುರುಬರ ಕಂಬಳಿಯ ಗುಟ್ಟೂ ಬೇರೆಯಲ್ಲ. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುವುದರಿಂದ ನೂಲಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ಮೈಯ ಬಿಸಿ ಹೊರಹೋಗದಂತೆ ತಡೆಯುತ್ತದೆ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಸುತ್ತಿದರೆ ಗಡ್ಡೆ ಬೇಗ ಕರಗುವುದಿಲ್ಲ.

ಮನೆ ಕಟ್ಟುವವರೂ ಈಗ ಗಾಳಿಯನ್ನೇ ಗೋಡೆಗೆ ಸೇರಿಸುತ್ತಿದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲೆಲ್ಲೂ ಕಾಣುವ ಬೂದು ಬಿಳುಪಿನ ಎಎಸಿ ಬ್ಲಾಕು 1920ರ ದಶಕದಲ್ಲಿ ಸ್ವೀಡನ್ನಿನ ವಾಸ್ತುಶಿಲ್ಪಿ ಯೋಹಾನ್ ಆಕ್ಸೆಲ್ ಎರಿಕ್ಸನ್ ಕಂಡುಕೊಂಡದ್ದು. ಸಿಮೆಂಟು, ಸುಣ್ಣ ಮತ್ತು ಮರಳು ಅಥವಾ ಹಾರುಬೂದಿಯ ಕಲಸಿಗೆ ಚೂರು ಅಲ್ಯೂಮಿನಿಯಂ ಪುಡಿ ಹಾಕುತ್ತಾರೆ. ಸುಣ್ಣದ ಜತೆ ಅದು ಸೇರಿ ಹೈಡ್ರೋಜನ್ ಗುಳ್ಳೆಗಳೆದ್ದು ಕಲಸು ಉಬ್ಬುತ್ತದೆ. ಹೈಡ್ರೋಜನ್ ಹೊರಹೋಗಿ ಗಾಳಿ ಒಳಬರುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸಿ ಗಟ್ಟಿಮಾಡುತ್ತಾರೆ. ಸುಟ್ಟ ಇಟ್ಟಿಗೆಯ ಮೂರನೇ ಒಂದರಷ್ಟು ತೂಕ, ಬಿಸಿಲನ್ನು ತಡೆಯುವುದರಲ್ಲಿ ಅದಕ್ಕಿಂತ ಮೇಲು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಸಾದಾ ಇಟ್ಟಿಗೆಯಲ್ಲೇ ಸಾಧಿಸಿ ತೋರಿಸಿದರು. ಇಟ್ಟಿಗೆಯನ್ನು ಮಗ್ಗುಲಿಗೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವ ರ‍್ಯಾಟ್ ಟ್ರ್ಯಾಪ್ ಕ್ರಮವನ್ನು ಅವರು ಜನಪ್ರಿಯಗೊಳಿಸಿದರು. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪು.

ಅಡ್ಡಗೋಡೆಯಿಂದ ಇನ್ನೊಂದು ಲಾಭವಿದೆ: ಒಂದು ಕೋಣೆ ಒಡೆದರೆ ಉಳಿದವು ಉಳಿಯುತ್ತವೆ. ಒಡೆಯುವ ಸಾಮಾನಿಗೆ ಸುತ್ತುವ ಬಬಲ್ ರ‍್ಯಾಪ್ ನಿಂತಿರುವುದು ಈ ಭರವಸೆಯ ಮೇಲೆ. 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆಲ್‌ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಎರಡು ಪ್ಲಾಸ್ಟಿಕ್ ಹಾಳೆಗಳನ್ನು ಬೆಸೆದು ಉಬ್ಬು ಉಬ್ಬಾದ ವಾಲ್‌ಪೇಪರ್ ಮಾಡಲು ಹೊರಟಿದ್ದರು. ಗೋಡೆಗೆ ಅದು ಯಾರಿಗೂ ಬೇಡವಾಯಿತು. ಹಸಿರುಮನೆಗೆ ಹೊದಿಸಲು ನೋಡಿದರು, ಅದೂ ನಡೆಯಲಿಲ್ಲ. ಕೊನೆಗೆ ಐಬಿಎಂ ಕಂಪನಿ ತನ್ನ 1401 ಕಂಪ್ಯೂಟರುಗಳನ್ನು ಸಾಗಿಸುವಾಗ ಇದನ್ನು ಸುತ್ತಿ ಕಳಿಸಿದ ಮೇಲೆ ಅದರ ನಿಜವಾದ ಉಪಯೋಗ ಗೊತ್ತಾಯಿತು.

ನೀರಿನ ಮೇಲೂ ಇದೇ ನ್ಯಾಯ. ನಮ್ಮ ಹಳ್ಳಿಗಳಲ್ಲಿ ಹುಡುಗರು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೋ ಸೊಂಟಕ್ಕೋ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿಯುತ್ತಿದ್ದರು. ಬುರುಡೆಯ ಜಾಗಕ್ಕೆ ಆಮೇಲೆ ಲಾರಿಯ ಟ್ಯೂಬು ಬಂತು. ಬುರುಡೆ ಬಿರುಕು ಬಿಟ್ಟರೆ, ಟ್ಯೂಬು ತೂತಾದರೆ ಕೆಟ್ಟಿತು. ಈಗಿನ ಲೈಫ್ ಜಾಕೆಟ್ಟಿನೊಳಗೆ ಇರುವುದು ಮುಚ್ಚಿದ ಗುಳ್ಳೆಗಳ ನೊರೆ. ಚಾಕುವಿನಿಂದ ಕೊಯ್ದರೂ ತೇಲುತ್ತದೆ. ಹಡಗಿನ ಹೊಟ್ಟೆಯನ್ನು ನೀರು ದಾಟದ ಅಡ್ಡಗೋಡೆಗಳಿಂದ ಭಾಗ ಮಾಡುವುದೂ ಅದಕ್ಕಾಗಿಯೇ. 1912ರಲ್ಲಿ ಮುಳುಗಿದ ಟೈಟಾನಿಕ್‌ಗೆ ಇಂಥ 16 ಭಾಗಗಳಿದ್ದವು. ಮುಂದಿನ ನಾಲ್ಕರಲ್ಲಿ ನೀರು ತುಂಬಿದರೂ ತೇಲುವಂತೆ ಅದನ್ನು ಕಟ್ಟಿದ್ದರು. ಮಂಜುಗಡ್ಡೆ ಅದಕ್ಕಿಂತ ಹೆಚ್ಚು ಭಾಗಗಳನ್ನು ಸೀಳಿತು. ಅಡ್ಡಗೋಡೆಗಳನ್ನು ಮೇಲಿನ ಅಂತಸ್ತಿನವರೆಗೆ ಎತ್ತರಿಸಿರಲಿಲ್ಲ. ಮೂತಿ ಬಾಗಿದಂತೆ ನೀರು ಒಂದು ಗೋಡೆಯ ತಲೆಯ ಮೇಲಿಂದ ಮುಂದಿನ ಕೋಣೆಗೆ ಉಕ್ಕುತ್ತಾ ಹೋಯಿತು.

ಬಾಗಿಲು: ಬಿಡುವುದೂ ಒಂದು ವಿದ್ಯೆ

ಕೂಡಿಹಾಕಿದ ಗಾಳಿಯಿಂದ ಕೆಲಸ ತೆಗೆಯಬೇಕಾದರೆ ಬೇಕಾದಾಗ ಬಿಡಲು, ಬೇಡದಾಗ ತಡೆಯಲು ಒಂದು ಬಾಗಿಲು ಬೇಕು. ವಾಲ್ವ್ ಎಂದರೆ ಆ ಬಾಗಿಲು.

ಸೀಮೆಎಣ್ಣೆಯ ಪಂಪ್ ಸ್ಟೌ ಉರಿಸಿದವರಿಗೆ ಇದು ಕೈಯಾರೆ ಗೊತ್ತು. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಇದರ ಮೂಲ. ತಳದ ಹಿತ್ತಾಳೆ ಬುರುಡೆಯಲ್ಲಿ ಅರ್ಧ ಎಣ್ಣೆ, ಅದರ ಮೇಲೆ ಗಾಳಿ. ಪಂಪು ಹೊಡೆದಂತೆ ಒಳಗಿನ ಗಾಳಿ ಬಿಗಿಯಾಗಿ ಎಣ್ಣೆಯನ್ನು ಕೊಳವೆಯಲ್ಲಿ ಮೇಲಕ್ಕೆ ತಳ್ಳುತ್ತದೆ. ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ ನೀಲಿ ಜ್ವಾಲೆಯಾಗುತ್ತದೆ. ಸ್ಟೌ ಆರಿಸಬೇಕೆಂದರೆ ತಿರುಪು ಸಡಿಲಿಸಿ ಗಾಳಿ ಬಿಟ್ಟರೆ ಸಾಕು. ಪೆಟ್ರೋಮ್ಯಾಕ್ಸ್ ದೀಪವೂ ಇದೇ ಮನೆತನದ್ದು. ಕರೆಂಟು ಕಾಣದ ಕಾಲದಲ್ಲಿ ಇಡೀ ರಾತ್ರಿಯ ಯಕ್ಷಗಾನ ನಡೆಯುತ್ತಿದ್ದದ್ದು ಇದರ ಬೆಳಕಿನಲ್ಲಿ. ಬೆಳಕು ಮಂಕಾದಾಗ ಯಾರಾದರೂ ಬಂದು ನಾಲ್ಕು ಸಲ ಪಂಪು ಹೊಡೆದು ಹೋಗುತ್ತಿದ್ದರು. ಬೆಳಕು ಎಣ್ಣೆಯದು, ಎಣ್ಣೆಯನ್ನು ಮೇಲೇರಿಸುತ್ತಿದ್ದದ್ದು ಗಾಳಿ.

ಹೊಲದಲ್ಲಿ ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಪಂಪಿನಲ್ಲಿ ಗಾಳಿಗೆ ಇನ್ನೊಂದು ಕೆಲಸ. ಎಡಗೈಯ ಹಿಡಿಕೆ ಮೇಲೆ ಕೆಳಗೆ ಆಡುವುದು ಬಿಟ್ಟು ಬಿಟ್ಟು. ಆದರೆ ಬಲಗೈಯ ಕೊಳವೆಯ ತುದಿಯಿಂದ ಔಷಧಿ ಒಂದೇ ಸಮನೆ ಚಿಮ್ಮುತ್ತದೆ. ನಡುವೆ ಒಂದು ಪುಟ್ಟ ಒತ್ತಡದ ಕೋಣೆಯಿದೆ. ಹಿಡಿಕೆ ಒತ್ತಿದಾಗ ಬಂದ ಹೆಚ್ಚುವರಿ ದ್ರವ ಅಲ್ಲಿನ ಗಾಳಿಯನ್ನು ಅದುಮುತ್ತದೆ. ಹಿಡಿಕೆ ವಾಪಸಾಗುವಾಗ ಆ ಗಾಳಿ ಹಿಗ್ಗಿ ದ್ರವವನ್ನು ಹೊರಗೆ ತಳ್ಳುತ್ತದೆ. ತಗ್ಗುದಿಣ್ಣೆಯ ಹರಿವನ್ನು ಗಾಳಿಯೇ ಸಮ ಮಾಡಿಕೊಡುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ 'ಟುಸ್ಸ್' ಎಂಬ ಸದ್ದು ಕೇಳದವರಿಲ್ಲ. ಬ್ರೇಕಿನ ಕೋಣೆಯಿಂದ ಕೆಲಸ ಮುಗಿಸಿದ ಗಾಳಿ ಹೊರಬೀಳುವ ಸದ್ದು ಅದು. ಬೆಳಗಿನ ಮೊದಲ ಟ್ರಿಪ್ಪಿಗೆ ಡ್ರೈವರು ಎಂಜಿನ್ ಚಾಲೂ ಮಾಡಿ ಒಂದಷ್ಟು ಹೊತ್ತು ಸುಮ್ಮನೆ ಕೂರುವುದು ಸೋಮಾರಿತನದಿಂದಲ್ಲ, ಟ್ಯಾಂಕಿನಲ್ಲಿ ಗಾಳಿ ತುಂಬಲಿ ಎಂದು. ಈ ಏರ್ ಬ್ರೇಕಿನ ಮೂಲ ರೈಲು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಆತನಿಗಿನ್ನೂ 22. ಅದಕ್ಕೆ ಮೊದಲು ಬ್ರೇಕ್‌ಮನ್‌ಗಳು ಬೋಗಿಯಿಂದ ಬೋಗಿಗೆ ಓಡಿ ಕೈಯಿಂದ ಬ್ರೇಕಿನ ಚಕ್ರ ತಿರುಗಿಸಬೇಕಿತ್ತು.

ಮೊದಲ ವಿನ್ಯಾಸದಲ್ಲಿ ಒಂದು ದೋಷವಿತ್ತು. ಎಂಜಿನ್ನಿನಿಂದ ಗಾಳಿ ಹರಿದರೆ ಬ್ರೇಕು ಹಿಡಿಯುತ್ತಿತ್ತು. ಪೈಪು ಒಡೆದರೆ ಬ್ರೇಕೇ ಇಲ್ಲ! ಮೂರೇ ವರ್ಷದಲ್ಲಿ ವೆಸ್ಟಿಂಗ್‌ಹೌಸ್ ತರ್ಕವನ್ನು ತಲೆಕೆಳಗು ಮಾಡಿದ. ಪ್ರತಿ ಬೋಗಿಗೂ ಒಂದೊಂದು ಗಾಳಿ ಟ್ಯಾಂಕು ಕೊಟ್ಟ. ಪೈಪಿನಲ್ಲಿ ಗಾಳಿ ತುಂಬಿರುವವರೆಗೂ ಬ್ರೇಕು ಬಿಟ್ಟಿರುತ್ತದೆ. ಪೈಪಿನ ಗಾಳಿ ಇಳಿದರೆ ಬೋಗಿಯ ಟ್ಯಾಂಕಿನ ಗಾಳಿ ಬ್ರೇಕು ಹಿಡಿಸುತ್ತದೆ. ಈಗ ಪೈಪು ಒಡೆದರೂ, ಬೋಗಿ ಕಳಚಿ ಹಿಂದುಳಿದರೂ ರೈಲು ತಾನಾಗಿ ನಿಲ್ಲುತ್ತದೆ. ನಮ್ಮ ರೈಲುಗಳ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಇರುತ್ತದೆ. ಅಪಾಯದ ಸರಪಳಿ ಎಳೆದಾಗ ತೆರೆಯುವುದು ಆ ಪೈಪಿನ ಒಂದು ಬಾಗಿಲು. ಬಸ್ಸು, ಲಾರಿಗಳ ಪಾರ್ಕಿಂಗ್ ಬ್ರೇಕಿನಲ್ಲೂ ಬಲವಾದ ಸ್ಪ್ರಿಂಗನ್ನು ಗಾಳಿ ಅದುಮಿ ಹಿಡಿದಿರುತ್ತದೆ. ಗಾಳಿ ಹೋದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಸೋರುವುದು ಗಾಳಿಯ ಹುಟ್ಟುಗುಣ ಎಂದು ಒಪ್ಪಿಕೊಂಡು, ಸೋರಿದರೂ ಜೀವ ಉಳಿಯುವಂತೆ ಕಟ್ಟಿದ ವ್ಯವಸ್ಥೆ ಇದು. ನೂರೈವತ್ತು ವರ್ಷ ಕಳೆದರೂ ಇದರ ಮೂಲತತ್ವ ಬದಲಾಗಿಲ್ಲ.

ಮೆಟ್ರೊ ಬೋಗಿ, ಐಷಾರಾಮಿ ಬಸ್ಸುಗಳು ಕುಲುಕದೆ ಸಾಗುವುದಕ್ಕೂ ಬಾಗಿಲಿರುವ ಗಾಳಿಕೋಣೆಯೇ ಕಾರಣ. ಉಕ್ಕಿನ ಸ್ಪ್ರಿಂಗಿನ ಬದಲು ಅಲ್ಲಿ ರಬ್ಬರಿನ ಗಾಳಿಚೀಲಗಳಿರುತ್ತವೆ. ಜನ ಹತ್ತಿ ಭಾರ ಹೆಚ್ಚಿದರೆ ವಾಲ್ವ್ ತೆರೆದು ಗಾಳಿ ಒಳಹೋಗುತ್ತದೆ, ಇಳಿದರೆ ಹೊರಬರುತ್ತದೆ. ಬಸ್ಸು ಖಾಲಿಯಿರಲಿ, ತುಂಬಿರಲಿ, ನೆಲದಿಂದ ಅದರ ಎತ್ತರ ಒಂದೇ. ಕೆಲವು ಲೋ ಫ್ಲೋರ್ ಬಸ್ಸುಗಳು ನಿಲ್ದಾಣದಲ್ಲಿ ಒಂದು ಮಗ್ಗುಲಿನ ಗಾಳಿ ಬಿಟ್ಟು ಬಾಗಿ, ವಯಸ್ಸಾದವರಿಗೆ ಹತ್ತಲು ಅನುಕೂಲ ಮಾಡಿಕೊಡುತ್ತವೆ.

ಕಿಟಕಿ: ಹೊರಗಿನೊಡನೆ ಮಾತು

ಕೆಲವು ಕೋಣೆಗಳನ್ನು ಪೂರ್ತಿ ಮುಚ್ಚಿದರೆ ಕೆಲಸ ಕೆಡುತ್ತದೆ. ವಿಮಾನದ ಕಿಟಕಿಯನ್ನು ಹತ್ತಿರದಿಂದ ನೋಡಿದರೆ ಕೆಳಗಡೆ ಒಂದು ಸೂಜಿಯಷ್ಟು ಸಣ್ಣ ತೂತು ಕಾಣುತ್ತದೆ. ಅಲ್ಲಿರುವುದು ಮೂರು ಪದರ. ತೂತಿರುವುದು ನಡುವಿನದಕ್ಕೆ. ಒಳಗಿನ ಒತ್ತಡ ಅದರ ಮೂಲಕ ದಾಟಿ ಹೊರಪದರದ ಮೇಲೆ ಬೀಳುತ್ತದೆ. ಹೊರಪದರ ಒಡೆದರೆ ಮಾತ್ರ ನಡುವಿನದು ಭಾರ ಹೊರಬೇಕು. ಸಂದಿಯಲ್ಲಿ ಮಂಜು ಕಟ್ಟದಂತೆ ನೋಡಿಕೊಳ್ಳುವುದೂ ಇದೇ ತೂತು. ಒತ್ತಡದ ಈ ಆಟವನ್ನು ವಿಮಾನ ಹತ್ತದೆಯೂ ನೋಡಬಹುದು. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ಟನ್ನು ಮಡಿಕೇರಿಗೆ ಒಯ್ದರೆ ಅದು ಇನ್ನಷ್ಟು ಉಬ್ಬಿರುತ್ತದೆ. ಸುಮಾರು 1,150 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಲತೀರಕ್ಕಿಂತ ಎಂಟನೇ ಒಂದು ಭಾಗದಷ್ಟು ಕಡಿಮೆ. ಪ್ಯಾಕೆಟ್ಟಿನೊಳಗಿರುವುದು ನಾವು ಉಸಿರಾಡುವ ಗಾಳಿಯಲ್ಲ, ನೈಟ್ರೋಜನ್. ಆಮ್ಲಜನಕ ಇದ್ದರೆ ಎಣ್ಣೆ ಕಮಟುತ್ತದೆ.

ಕರಾವಳಿ, ಮಲೆನಾಡಿನ ಹೆಂಚಿನ ಮನೆಗಳ ಅಟ್ಟವೂ ಕಿಟಕಿಯಿರುವ ಗಾಳಿಕೋಣೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಮಾಡು ಎಲ್ಲೆಡೆ ಹರಡಿತು. ಹೆಂಚು ಕಾದರೂ ಅದರ ಬಿಸಿ ಮರದ ಮುಚ್ಚಿಗೆಯ ಕೆಳಗೆ ನೇರ ಇಳಿಯುವುದಿಲ್ಲ, ನಡುವೆ ಗಾಳಿ ಇದೆ. ಕಾದ ಗಾಳಿ ಹೆಂಚಿನ ಸಂದಿಗಳಿಂದ ತಾನೇ ಹೊರಹೋಗುತ್ತದೆ. ಕಾಂಕ್ರೀಟಿನ ತಾರಸಿಗೆ ಈ ಸೌಲಭ್ಯವಿಲ್ಲ.

ಕಿಟಕಿಯ ದೊಡ್ಡ ಉಪಯೋಗ ಕಿವಿಗೆ. ಖಾಲಿ ಬಾಟಲಿಯ ಬಾಯಿಗೆ ಅಡ್ಡವಾಗಿ ಊದಿದರೆ ಒಂದು ನಿಶ್ಚಿತ ಸ್ವರ ಹೊರಡುತ್ತದೆ. ಕತ್ತಿನಲ್ಲಿರುವ ಗಾಳಿ ಒಂದು ಗುಂಡಿನಂತೆ ಒಳಹೊರಗೆ ಆಡುತ್ತದೆ, ಒಳಗಿನ ಗಾಳಿ ಅದನ್ನು ಸ್ಪ್ರಿಂಗಿನಂತೆ ಮರಳಿ ನೂಕುತ್ತದೆ. ಜರ್ಮನಿಯ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ಇದರ ಲೆಕ್ಕವನ್ನು ಬಿಡಿಸಿದ. ಬಾಟಲಿಗೆ ನೀರು ಹಾಕಿ ಗಾಳಿಯ ಜಾಗ ಕಡಿಮೆ ಮಾಡಿದರೆ ಸ್ವರ ಏರುತ್ತದೆ. ವಾದ್ಯ ಮಾಡುವವರು ಈ ಲೆಕ್ಕವನ್ನು ಶತಮಾನಗಳಿಂದ ಕಿವಿಯಲ್ಲೇ ಹಾಕುತ್ತಾ ಬಂದಿದ್ದಾರೆ. ತಂತಿ ತೆಳು, ಅದು ತಾನಾಗಿ ಅಲುಗಿಸುವ ಗಾಳಿ ಅತ್ಯಲ್ಪ. ಅದರ ಕಂಪನ ತಂತಿಗೆ ಆಸರೆಯಾದ ಕುದುರೆಯ ಮೂಲಕ ಅಗಲವಾದ ಹಲಗೆಗೂ ಒಳಗಿನ ಗಾಳಿಗೂ ದಾಟಿದಾಗ ದನಿ ತುಂಬಿಕೊಳ್ಳುತ್ತದೆ. ವೀಣೆಗೆ ಹಲಸಿನ ಮರ ಕೊರೆದು ಮಾಡಿದ ಕೊಡ, ತಂಬೂರಿಗೆ ಒಣಗಿಸಿದ ಕುಂಬಳದ ಬುರುಡೆ. ಸಿತಾರ್, ತಂಬೂರಿಗಳಿಗೆ ಹೆಸರಾದ ಊರು ನಮ್ಮ ಗಡಿಗೆ ಹೊಂದಿಕೊಂಡಿರುವ ಮಿರಜ್.

ಧ್ವನಿವರ್ಧಕದ ಪೆಟ್ಟಿಗೆಯೂ ಬರೀ ಅಲಂಕಾರವಲ್ಲ. ಸ್ಪೀಕರಿನ ಕಾಗದದ ಶಂಕು ಮುಂದೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಬೆನ್ನ ಹಿಂದಿನ ಗಾಳಿ ತೆಳುವಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಎರಡೂ ಅಲೆಗಳು ಅಂಚು ಬಳಸಿ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಮೃದಂಗದ ಎಡದ ಗುಂಜಿನಂಥ ತಗ್ಗು ದನಿಗಳು ಮೊದಲು ಸಾಯುತ್ತವೆ. ಬೆನ್ನಿನ ಅಲೆಯನ್ನು ಪೆಟ್ಟಿಗೆ ತಡೆಯುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಇನ್ನೂ ಮುಂದೆ ಹೋಗಿ, ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗ್ ಮಾಡಿದ. ಕಪಾಟಿನ ಗಾತ್ರದ ಸ್ಪೀಕರು ಪುಸ್ತಕದ ಶೆಲ್ಫಿನಲ್ಲಿ ಕೂರುವಷ್ಟು ಸಣ್ಣದಾಯಿತು. ಇಂದಿನ ಮೊಬೈಲ್ ಫೋನಿನ ಸ್ಪೀಕರಿನ ಹಿಂದೆಯೂ ಬೆರಳುಗುರಿನಷ್ಟು ಜಾಗದ ಒಂದು ಗಾಳಿಕೋಣೆ ಇದೆ. ದನಿ ಸಾಲದೆನಿಸಿದರೆ ಫೋನನ್ನು ಖಾಲಿ ಸ್ಟೀಲ್ ಚೊಂಬಿನಲ್ಲಿಟ್ಟು ನೋಡಿ.

ಗಾಳಿ ಹೋದ ಮೇಲೆ

ಇಷ್ಟೆಲ್ಲ ಉಪಕಾರದ ಲೆಕ್ಕದಲ್ಲಿ ಖರ್ಚಿನ ಕಾಲಮ್ಮೂ ಇದೆ. ಕೋಣೆ ಒಡೆದಾಗ ಗಾಳಿ ಬಂದ ದಾರಿಯಲ್ಲಿ ಹೋಗುತ್ತದೆ, ಗೋಡೆ ನಮ್ಮ ಬಳಿ ಉಳಿಯುತ್ತದೆ. ಹಳೇ ಟೈರಿನಿಂದ ಚಪ್ಪಲಿಯೋ ಗಾಣದ ಬೆಂಕಿಯೋ ಆದೀತು. ಥರ್ಮಾಕೋಲಿಗೆ ಆ ಭಾಗ್ಯವೂ ಇಲ್ಲ. ಅದನ್ನು ಮರುಬಳಕೆ ಮಾಡಲು ತಾಂತ್ರಿಕವಾಗಿ ಅಡ್ಡಿಯಿಲ್ಲ, ಅಡ್ಡಿ ಇರುವುದು ಸಾಗಾಟದ್ದು. ನೂರಕ್ಕೆ 98 ಭಾಗ ಗಾಳಿ ಇರುವ ವಸ್ತುವನ್ನು ಒಂದು ಲಾರಿ ತುಂಬಿ ಕಳಿಸಿದರೆ ತಲುಪುವುದು ಕೆಲವು ಮೂಟೆಯಷ್ಟು ಪ್ಲಾಸ್ಟಿಕ್. ಗುಜರಿಯವನು ಅದನ್ನು ಮುಟ್ಟದಿರುವುದು ಇದಕ್ಕೇ. ಅದು ಚರಂಡಿಗೆ, ಕೆರೆಗೆ ಸೇರಿ ಕಾಳುಕಾಳಾಗಿ ಬಿಡಿಸಿಕೊಳ್ಳುತ್ತದೆ. ಸುಟ್ಟರೆ ವಿಷದ ಕಪ್ಪು ಹೊಗೆ. 2016ರಲ್ಲಿ ಕರ್ನಾಟಕ ಸರ್ಕಾರ ತಂದ ಪ್ಲಾಸ್ಟಿಕ್ ನಿಷೇಧದಲ್ಲಿ ಥರ್ಮಾಕೋಲಿನ ತಟ್ಟೆ ಲೋಟಗಳೂ ಸೇರಿದ್ದವು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲಿಗೆ ದೇಶವ್ಯಾಪಿ ನಿಷೇಧವಿದೆ.

ಗಾಳಿಯನ್ನು ಕೂಡಿಹಾಕಲು ಪ್ಲಾಸ್ಟಿಕ್ಕೇ ಬೇಕೆಂದಿಲ್ಲ. ಅಮೆರಿಕದ ಆಲ್ಬರ್ಟ್ ಜೋನ್ಸ್ 1871ರಲ್ಲಿ ಬಾಟಲಿ, ಲಾಟೀನಿನ ಗಾಜು ಸುತ್ತಲೆಂದು ಪೇಟೆಂಟ್ ಪಡೆದ ಅಲೆಯಲೆ ಕಾಗದವೇ ಇಂದಿನ ರಟ್ಟಿನ ಪೆಟ್ಟಿಗೆಗೆ ಮೂಲ. ಎರಡು ಹಾಳೆಗಳ ನಡುವೆ ಮಡಿಕೆ ಮಡಿಕೆಯಾದ ಕಾಗದ, ಮಡಿಕೆಗಳ ನಡುವೆ ಗಾಳಿ. ಮೊಟ್ಟೆಯ ಟ್ರೇ ರದ್ದಿ ಕಾಗದವನ್ನು ಅರೆದು ಮಾಡಿದ್ದು. ಇವೆರಡನ್ನೂ ಗುಜರಿಯವನು ಹಣ ಕೊಟ್ಟು ಒಯ್ಯುತ್ತಾನೆ.

ಥರ್ಮಾಕೋಲು ಪೂರ್ತಿ ಬೇಡ ಎನ್ನಲಾಗದು. ಮೀನಿಗೆ, ಔಷಧಿಗೆ, ದೂರ ಸಾಗಿಸುವ ಯಂತ್ರಕ್ಕೆ ಅದರಷ್ಟು ಹಗುರ, ಅಗ್ಗ, ದಕ್ಷ ವಸ್ತು ಮತ್ತೊಂದು ಸಿಗುವುದು ಕಷ್ಟ. ಆದರೆ ವರ್ಷಗಟ್ಟಲೆ ದುಡಿಯುವ ಫ್ರಿಜ್ಜಿನ ಗೋಡೆಗೂ ಒಂದು ಹೊತ್ತಿನ ಊಟದ ತಟ್ಟೆಗೂ ವ್ಯತ್ಯಾಸ ತಿಳಿಯದ ಬಳಕೆ ತಪ್ಪು. ಹೊಸ ಮಿಕ್ಸಿ, ಟಿವಿ ಮನೆಗೆ ಬಂದಾಗ ಅದರ ಥರ್ಮಾಕೋಲು, ಬಬಲ್ ರ‍್ಯಾಪ್ ಬಿಸಾಡದೆ ಅಟ್ಟದಲ್ಲಿಡಿ. ಮನೆ ಬದಲಿಸುವಾಗ ಬೇಕಾಗುತ್ತದೆ. ಆನ್‌ಲೈನಿನಲ್ಲಿ ತರಿಸುವಾಗ ಕಾಗದದ ಪ್ಯಾಕಿಂಗ್ ಆಯ್ಕೆ ಇದ್ದರೆ ಅದನ್ನೇ ಆರಿಸಿ. ಥರ್ಮಾಕೋಲನ್ನು ಎಲೆಕಸದ ಜತೆ ಸೇರಿಸಿ ಸುಡಬೇಡಿ, ಒಣಕಸದಲ್ಲಿ ಕೊಡಿ. ಗಾಳಿಗೆ ಬೆಲೆಯಿಲ್ಲದಿರಬಹುದು, ಅದಕ್ಕೆ ಕಟ್ಟಿದ ಗೋಡೆಗೆ ಬೆಲೆ ಇದೆ. ಅದನ್ನು ಕಟ್ಟುವ ಮೊದಲೇ, ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಕೊಳ್ಳುವವರ ಹಕ್ಕೂ ಹೌದು, ಹೊಣೆಯೂ ಹೌದು.